ಹುಲಿಯ ಬೆನ್ನು

ಹನ್ನೊಂದನೆಯ ವಯಸ್ಸಿನಲ್ಲಿ ಅಮ್ಮನ ಕತ್ತರಿ ಕದ್ದು
ಕನ್ನಡಕ್ಕೆ ನಲವತ್ತೊಂದು ಕಿಂಡಿ ಕೊರೆದೆ.
ಉತ್ಪ್ರೇಕ್ಷೆ ಅನ್ನಬೇಡಿ. ಎಣಿಸಿದ್ದೇನೆ.

ಬಾಣಾವರದಲ್ಲಿ ನಮ್ಮ ಗೋಡೆಗೆ ಗೋಡೆ
ಕತೆಗಾರ ಶಿವನಂಜಪ್ಪನವರ ಮನೆ.
ಬಂದ ಕಾಗದವನ್ನೆಲ್ಲ ಕಿಟಕಿಯ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದರು,
ಕರೆಂಟು ಬಿಲ್ಲಿನ ಮೇಲೆ ಕಡೂರು, ಕಡೂರಿನ ಮೇಲೆ ಹಾಲಿನ ಲೆಕ್ಕ.
ಕಡೂರು ಅಂದರೆ ಹಯಾತ್ ಸಾಬರು:
ಟಿಂಬರ್ ಡಿಪೋದ ಗುಮಾಸ್ತರು, ಮಿಕ್ಕ ಹೊತ್ತಿನಲ್ಲಿ ಕವಿ.
ನಡುವೆ ಇದ್ದದ್ದು ಮುಕ್ಕಾಲು ಗಂಟೆಯ ಪ್ಯಾಸೆಂಜರು.
ಆದರೂ ಬರೆದುಕೊಳ್ಳುತ್ತಿದ್ದರು; ಎದುರು ಕೂತರೆ
ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲವಂತೆ.

ಕಾರ್ಡಿನ ಮೂಲೆಯಲ್ಲಿ ಹದಿನೈದು ಪೈಸೆಯ ಹುಲಿ.
ನಲವತ್ತೊಂದೂ ಒಂದೇ ಹುಲಿ. ಅದು ಹೊಳೆಯಲಿಲ್ಲ,
ಸಂಗ್ರಹ ಅಂದರೆ ಎಣಿಕೆ ಅಂದುಕೊಂಡಿದ್ದೆ.
ಸಂಜೆ ಬಂದವರು ತಂತಿ ನೋಡಿದರು, ನನ್ನನ್ನು ನೋಡಿದರು.
"ಹುಲಿ ಬೇಕಿತ್ತೇನೋ, ಇಟ್ಟುಕೋ.
ಅದರ ಬೆನ್ನಲ್ಲಿ ಏನಿತ್ತು, ನೋಡಿದೆಯಾ?"
ನೋಡಿರಲಿಲ್ಲ. ಮೈದಾ ಅಂಟು ಸವರಿ
ಆಗಲೇ ಪುಸ್ತಕಕ್ಕೆ ಮೆತ್ತಿಯಾಗಿತ್ತು.

ಆಮೇಲೆ ಮೂವತ್ತೊಂದು ವರ್ಷ ಹಾಸನದಲ್ಲಿ ಮೀಟರು ಓದಿದೆ.
ಟಾರ್ಚು, ನಾಯಿ, ಜೇಡರ ಬಲೆ, ಐದು ಅಂಕಿ.
ರಿಟೈರಾದ ಮೇಲೆ, ಇನ್ನು ಅಕ್ಷರ ಓದೋಣವೆಂದು
ಆ ಇಬ್ಬರ ಕಾಗದಗಳನ್ನು ಒಂದೆಡೆ ಕೂಡಿಸಲು ಹೊರಟೆ.

ಕಡೂರಿನಲ್ಲಿ ಸಾಬರ ಮಗಳು ಜುಬೇದಾ
ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು.
ಒಂದು ಕಾಗದವೂ ಹರಿದಿಲ್ಲ, ನಡುನಡುವೆ ಬೇವಿನೆಲೆ.
ಎಲ್ಲದರ ನೆತ್ತಿಯ ಮೇಲೂ "ಹಯಾತಣ್ಣಾ".
ಒಳಗೆ ಸಾಹಿತ್ಯ ಇದ್ದೀತೆಂದು ಕನ್ನಡಕ ಒರೆಸಿಕೊಂಡೆ:
ಮೂಲವ್ಯಾಧಿಗೆ ನಾಟಿ ಔಷಧಿ, ಕೊಬ್ಬರಿ ಧಾರಣೆ,
ತಿರುಗಿ ಬರದ ಹನ್ನೆರಡು ರೂಪಾಯಿ.
ಕೊನೆಗೊಂದರಲ್ಲಿ, ಅಂಚಿಗೆ ಒತ್ತಿ,
"ನಿನ್ನ ಎರಡನೆಯ ಸಾಲಿನಲ್ಲಿ ಚಂದಿರ ಸುಮ್ಮನೆ ನಿಂತಿದ್ದಾನೆ,
ಕೆಲಸ ಕೊಡು, ಇಲ್ಲವೇ ಕಳಿಸು."
ಅದಾದ ಮೇಲೆ ನಾಲ್ಕು ವರ್ಷ ಒಂದು ಗೀಟೂ ಇಲ್ಲ.

ಇತ್ತ ಶಿವನಂಜಪ್ಪನವರ ಸೊಸೆ ಕೊಟ್ಟ ಕಂತೆಗೆ ಮೂಲೆಯೇ ಇಲ್ಲ.
ಹುಲಿ ಕೂತ ಜಾಗದ ಹಿಂಬದಿ ಅಂದರೆ
ಗೆಳೆಯನನ್ನು ಕರೆಯುವ ಜಾಗ.
ಅಲ್ಲೇ ಬೆಳಕು ತೂರುತ್ತದೆ.
ಏನೆಂದು ಕರೆಯುತ್ತಿದ್ದರು ಸಾಬರು?
ಮುನಿಸು ಮುರಿದು ಮೊದಲು ಹಾಕಿದ ಕಾರ್ಡಿನಲ್ಲಿ?

ಸಾಲಗಾಮೆ ರಸ್ತೆಯ ಮನೆಯ ಸಜ್ಜದಿಂದ ಆಲ್ಬಮ್ ಇಳಿಸಿದೆ.
ನೆನೆಹಾಕಿದರೆ ಶಾಯಿ ಹೋದೀತು.
ಇಡ್ಲಿ ಪಾತ್ರೆಯ ಹಬೆಗೆ ಹಿಡಿದು,
ಹೆಂಡತಿಯ ಬೈಗುಳದ ನಡುವೆ, ಒಂದೊಂದೇ ಹುಲಿ ಎಬ್ಬಿಸಿದೆ.
ಬೆನ್ನು ಬೋಳು.
ಅಕ್ಷರವೆಲ್ಲ ಅಂಟಿನ ತೇವದಲ್ಲಿ ಎಂದೋ
ಪುಟಕ್ಕೆ ಇಳಿದು ಮಗುಚಿ ಮಲಗಿತ್ತು.

ಸ್ಟಿಕ್ಕರು ಬಿಂದಿ ಅಂಟಿದ ಕನ್ನಡಿ ಹಿಡಿದೆ.
"ನಂಜಾ". "ಎಲಾ ನಂಜಾ". "ಸಿಹಿ ನಂಜೇ".
ಒಂದು ಕಡೆ ಬರೀ "ನಂ", ಮಿಕ್ಕಿದ್ದು ಗೆದ್ದಲಿಗೆ.
ಕತ್ತರಿ ಓರೆ ಹೋದ ಅಂಚನ್ನು ಅಂಚಿಗೆ ಕೂಡಿಸಿ
ಆ ಕಾರ್ಡಿನ ಹುಲಿಯನ್ನೂ ಗುರುತಿಸಿದೆ.
ಅದು ಬಿಟ್ಟ ಕಲೆಯಲ್ಲಿ ಹೆಸರಿಲ್ಲ, ಕ್ಷಮೆ ಗಿಮೆ ಇಲ್ಲ.
"ಮತ್ತೆ,"
ಅಷ್ಟೇ. ಕಾರ್ಡಿನಲ್ಲಿ ಮುಂದುವರಿದಿತ್ತು:
"ಡಿಪೋಗೆ ಹೊಸ ತಕ್ಕಡಿ ಬಂದಿದೆ. ಚಂದಿರನನ್ನು ಕಳಿಸಿಬಿಟ್ಟೆ."

ಫೋನಿನಲ್ಲಿ ಜುಬೇದಾ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅಬ್ಬಾ ಸಂಜೆ ಚಪ್ಪಲಿ ಬಿಡುತ್ತಾ ಹಾಗೇ ಅನ್ನೋರು, ಮತ್ತೆ? ಅಂತ.
ನಾವು ಏನಾದರೂ ಹೇಳಲೇಬೇಕಿತ್ತು."

ಮೂವತ್ತೆಂಟು ಸಿಕ್ಕವು. ಮೂರು ಹುಲಿ ಕೊಟ್ಟು
ಭೂತಾನಿನ ಮುಮ್ಮೂಲೆ ಸ್ಟಾಂಪು ತಗೊಂಡಿದ್ದೆ,
ಅರಸೀಕೆರೆಯ ರೇಣುಕಪ್ರಸಾದನಿಂದ. ಆಗ ಲಾಭ ಅನ್ನಿಸಿತ್ತು.
ಅವನ ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ, ವರ್ಗವಾಗಿ ಹೋದರು.
ಗೊತ್ತಿದ್ದವರು ತಿಳಿಸಿ.
ಕಾರ್ಡು ಹಾಕಿದರೂ ಸಾಕು.
ಮೇಲೆ ಏನೆಂದು ಕರೆದರೂ ಆದೀತು.